ರವೆ ಇಡ್ಲಿ, ಬರ್ಮಾ ಅಕ್ಕಿ, ಒಂದು ಲೋಟ ಗಂಜಿ ತಿಳಿ

ಆಗಸ್ಟ್ 22, 2025, ಶುಕ್ರವಾರ
ಬೆಂಗಳೂರು

ರಾತ್ರಿ ಚಳಿ ಜಾಸ್ತಿ ಇತ್ತು. ಬೆಳಗ್ಗೆ ಪಾತ್ರೆ ಮುಚ್ಚಳ ತೆಗೆದರೆ ಇಡ್ಲಿ ಹಿಟ್ಟು ಉಬ್ಬೇ ಇರಲಿಲ್ಲ. ಅಮ್ಮ ತಲೆ ಕೆಡಿಸಿಕೊಳ್ಳಲಿಲ್ಲ. ರವೆ ಹುರಿದಳು, ಮೊಸರು ಹಾಕಿ ಕಲಸಿದಳು, ಸಾಸಿವೆ, ಕರಿಬೇವು, ಗೋಡಂಬಿ ಒಗ್ಗರಣೆ ಕೊಟ್ಟಳು. ಮುಕ್ಕಾಲು ಗಂಟೆಯಲ್ಲಿ ಬಿಸಿಬಿಸಿ ರವೆ ಇಡ್ಲಿ ತಟ್ಟೆಗೆ ಬಂತು.

"ಇದು ಯುದ್ಧದ ಕಾಲದ ತಿಂಡಿ ಕಣೇ" ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಲಾಲ್‌ಬಾಗ್ ಹತ್ತಿರದ ಎಂಟಿಆರ್ ಹೋಟೆಲಿನವರು ಹೇಳುವುದೂ ಅದನ್ನೇ. ಎರಡನೇ ಮಹಾಯುದ್ಧದ ಹೊತ್ತಿಗೆ ಅಕ್ಕಿ ಸಿಗುವುದು ಕಷ್ಟವಾಯಿತು, ಆಗ ಅಕ್ಕಿ ಬದಲು ರವೆ ಹಾಕಿ ಇಡ್ಲಿ ಮಾಡಿ ನೋಡಿದೆವು ಅಂತ.

ಬೆಂಗಳೂರಿನ ಮೇಲೆ ಯಾರೂ ಬಾಂಬ್ ಹಾಕಲಿಲ್ಲ. ಮತ್ತೆ ಅಕ್ಕಿ ಎಲ್ಲಿ ಹೋಯಿತು? ಅಜ್ಜಿ ಇದ್ದಾಗ ನಾನು ಕೇಳಲಿಲ್ಲ. ಒಂದೆರಡು ತಿಂಗಳಿಂದ ಆ ಕಾಲದ ಬಗ್ಗೆ, 1943ರ ಬಂಗಾಳದ ಕ್ಷಾಮದ ಬಗ್ಗೆ ಕೈಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ಇವತ್ತು ಬರೆದಿಡಲೇಬೇಕು ಅನ್ನಿಸಿತು. ಇವತ್ತಿನ ತಾರೀಖಿಗೂ ಅದಕ್ಕೂ ಸಂಬಂಧ ಇದೆ, ಮುಂದೆ ಹೇಳುತ್ತೇನೆ.

ಆ ಅಕ್ಕಿ ಬರುತ್ತಿದ್ದದ್ದು ಬರ್ಮಾದಿಂದ, ಅಂದರೆ ಈಗಿನ ಮ್ಯಾನ್ಮಾರ್‌ನಿಂದ. ಆಗ ಜಗತ್ತಿನಲ್ಲೇ ಅತಿ ಹೆಚ್ಚು ಅಕ್ಕಿಯನ್ನು ಹೊರಗೆ ಮಾರುತ್ತಿದ್ದ ನಾಡು ಅದು. ರಂಗೂನ್ ಮೊದಲಾದ ಅಲ್ಲಿನ ಬಂದರುಗಳಿಂದ ಭಾರತಕ್ಕೆ ವರ್ಷಕ್ಕೆ 10 ಲಕ್ಷ ಟನ್ನಿಗೂ ಜಾಸ್ತಿ ಬರುತ್ತಿತ್ತು. ಇಡೀ ದೇಶ ಉಣ್ಣುವುದರಲ್ಲಿ ಅದು ಸಣ್ಣ ಪಾಲು. ಆದರೆ ತಿರುವಾಂಕೂರು, ಕೊಚ್ಚಿ ಕಡೆಯವರಿಗೆ ಅದೇ ಆಧಾರ. ನಮ್ಮ ಮೈಸೂರು ಸೀಮೆಯ ಹಳ್ಳಿಗಳಲ್ಲಿ ರಾಗಿ ಇತ್ತು. ಅನ್ನ ಉಣ್ಣುವ ಪೇಟೆಯವರಿಗೆ ಬಿಸಿ ತಟ್ಟಿತು.

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಿತ್ತು. 1942ರ ಫೆಬ್ರವರಿ 15ಕ್ಕೆ ಸಿಂಗಪುರ ಹೋಯಿತು. ಮಾರ್ಚ್ 8ಕ್ಕೆ ರಂಗೂನ್ ಹೋಯಿತು. ಎಲ್ಲ ಸೇರಿ ಮೂರೇ ತಿಂಗಳು. ಬರ್ಮಾದಲ್ಲಿ ಬಂದರಿನಲ್ಲಿ, ಗಿರಣಿಯಲ್ಲಿ, ರೈಲಿನಲ್ಲಿ ದುಡಿಯುತ್ತಿದ್ದ ಭಾರತೀಯರು ಗಂಟುಮೂಟೆ ಹೊತ್ತು ಊರ ಕಡೆ ಹೊರಟರು. ಸುಮಾರು 5 ಲಕ್ಷ ಜನ. ದುಡ್ಡಿದ್ದವರು ಹಡಗು ಹತ್ತಿದರು. ಉಳಿದವರು ಕಾಡು, ಬೆಟ್ಟ ಹಾದು ಮಣಿಪುರ, ಅಸ್ಸಾಂ ಕಡೆಗೆ ನಡೆದೇ ಬಂದರು. ಮಲೇರಿಯಾ, ಕಾಲರಾ, ಹಸಿವು. ದಾರಿಯಲ್ಲೇ ಹತ್ತಾರು ಸಾವಿರ ಜನ ಸತ್ತರು. ಈ ನಡಿಗೆ ಬಗ್ಗೆ ನಮಗೆ ಶಾಲೆಯಲ್ಲಿ ಒಂದು ಸಾಲೂ ಹೇಳಿಕೊಟ್ಟ ನೆನಪಿಲ್ಲ.

ಮುಂದೆ ಜಪಾನಿನವರು ಬಂಗಾಳಕ್ಕೆ ನುಗ್ಗುತ್ತಾರೆ ಅನ್ನೋ ಭಯ. ಅವರ ಕೈಗೆ ಏನೂ ಸಿಗಬಾರದು ಅಂತ ಬ್ರಿಟಿಷ್ ಸರ್ಕಾರ ಕರಾವಳಿ ಜಿಲ್ಲೆಗಳಲ್ಲಿ ಹೆಚ್ಚುವರಿ ಅಕ್ಕಿ ಎತ್ತಿಸಿತು. ಹತ್ತು ಜನಕ್ಕಿಂತ ಹೆಚ್ಚು ಹಿಡಿಸುವ ದೋಣಿಗಳನ್ನು ಕಿತ್ತುಕೊಂಡಿತು, ಒಡೆಸಿತು, ಸುಟ್ಟಿತು. ಅಲ್ಲಿ ಊರಿಂದ ಊರಿಗೆ ಹೋಗುವುದೇ ದೋಣಿಯಲ್ಲಿ. ಮೀನು ಹಿಡಿಯಲು ದೋಣಿ, ನಡುಗಡ್ಡೆಯ ಗದ್ದೆಗೆ ಹೋಗಲು ದೋಣಿ, ಸಂತೆಗೆ ಭತ್ತ ಸಾಗಿಸಲು ದೋಣಿ. ಜಪಾನಿನವರು ಆ ದಾರಿಯಲ್ಲಿ ಬರಲೇ ಇಲ್ಲ. ದೋಣಿ ಮಾತ್ರ ಹೋಯಿತು.

1942ರ ಅಕ್ಟೋಬರ್ 16ಕ್ಕೆ ಮಿಡ್ನಾಪುರದ ಕಡೆ ದೊಡ್ಡ ಚಂಡಮಾರುತ ಬಂತು. ಉಪ್ಪುನೀರು ಗದ್ದೆಗೆ ನುಗ್ಗಿತು. ಉಳಿದ ಪೈರಿಗೆ ರೋಗ ತಗುಲಿತು. ಆದರೂ ಬರೀ ಬೆಳೆ ಹೋಗಿದ್ದರಿಂದ ಮರುವರ್ಷ ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಹಸಿದು ಸತ್ತರು ಅನ್ನುವುದನ್ನು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಒಪ್ಪುವುದಿಲ್ಲ. ಅವರ ಲೆಕ್ಕ ಓದಿದ ಮೇಲೆ ನಾನೂ ಒಪ್ಪುವುದಿಲ್ಲ. 1942ರ ಡಿಸೆಂಬರ್‌ನಲ್ಲಿ ಕಲ್ಕತ್ತಾದಲ್ಲಿ ಒಂದು ಮಣ ಅಕ್ಕಿಗೆ 13-14 ರೂಪಾಯಿ. (ನಮ್ಮ ಕಡೆ ಮಣ ಬೇರೆ. ಅಲ್ಲಿನದು ಸುಮಾರು 37 ಕೆಜಿ.) 1943ರ ಆಗಸ್ಟ್‌ಗೆ ಅದೇ ಮಣ 37 ರೂಪಾಯಿ. ಕೂಲಿ ಮಾತ್ರ ಇದ್ದಲ್ಲೇ ಇತ್ತು.

ಬೆಲೆ ಯಾಕೆ ಹಾಗೆ ಏರಿತು ಅನ್ನುವುದು ನನಗೆ ತಿಳಿಯಲು ಜಾಸ್ತಿ ಹೊತ್ತು ಹಿಡಿಯಿತು. ಯುದ್ಧಕ್ಕೆ ಬೇಕಾದ ಬಟ್ಟೆ, ಧಾನ್ಯ, ಕಬ್ಬಿಣ ಎಲ್ಲ ಭಾರತದಿಂದ ಹೋಗುತ್ತಿತ್ತು. ಬ್ರಿಟನ್ ಅದರಲ್ಲಿ ಬಹುಪಾಲನ್ನು ಸಾಲವಾಗಿ ಬರೆದುಕೊಂಡಿತು. ಆ ಸಾಲದ ಪತ್ರ ಇಟ್ಟುಕೊಂಡು ಇಲ್ಲಿ ರಿಸರ್ವ್ ಬ್ಯಾಂಕ್ ನೋಟು ಅಚ್ಚು ಹಾಕಿ ಮಾಲು ಕೊಟ್ಟವರಿಗೆ ಹಂಚಿತು. ಯುದ್ಧದ ವರ್ಷಗಳಲ್ಲಿ ಚಲಾವಣೆಯ ನೋಟು ಐದು ಪಟ್ಟಿಗೂ ಜಾಸ್ತಿ ಆಯಿತು. ಮಾಲು ಹೊರಗೆ, ನೋಟು ಒಳಗೆ. ಆ ನೋಟು ಯಾರ ಕೈಗೆ ಬಂತೋ ಅವರು ಅಕ್ಕಿ ಕೊಂಡರು, ಕೆಲವರು ಬಚ್ಚಿಟ್ಟರು. ಕಲ್ಕತ್ತಾದ ಕಾರ್ಖಾನೆ ಕೆಲಸಗಾರರಿಗೆ, ಸರ್ಕಾರಿ ನೌಕರರಿಗೆ ಕಮ್ಮಿ ಬೆಲೆಯಲ್ಲಿ ಅಕ್ಕಿ ಕೊಡುವ ಏರ್ಪಾಟಾಯಿತು. ಯುದ್ಧಕ್ಕೆ ಅವರು ಬೇಕಿತ್ತು. ಹಳ್ಳಿಯ ಕೂಲಿಯವರು, ಮೀನುಗಾರರು, ದೋಣಿ ನಡೆಸುವವರು, ಭತ್ತ ಕುಟ್ಟಿ ಬದುಕುವ ಹೆಂಗಸರು ಯಾರಿಗೂ ಬೇಕಿರಲಿಲ್ಲ. ಸತ್ತವರು ಇವರೇ. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ.

ಕಲ್ಕತ್ತಾಗೆ ಬಂದು ಬೀದಿಯಲ್ಲಿ ಬಿದ್ದವರು ಮನೆಮನೆ ಬಾಗಿಲಲ್ಲಿ ಕೂಗುತ್ತಿದ್ದದ್ದು "ಫ್ಯಾನ್ ದಾವ್" ಅಂತ. ಫ್ಯಾನ್ ಅಂದರೆ ಅನ್ನ ಬಸಿದ ಗಂಜಿ ತಿಳಿ. ಅನ್ನ ಕೇಳಿದರೆ ಯಾರೂ ಕೊಡುವುದಿಲ್ಲ ಅಂತ ಗೊತ್ತಿತ್ತು, ಅದಕ್ಕೆ ತಿಳಿ ಕೇಳಿದರು. ಈ ಸಾಲು ಓದಿದ ದಿನ ನಾನು ಮುಂದೆ ಓದಲಿಲ್ಲ. ಅಜ್ಜಿ ಮನೆಯಲ್ಲಿ ಆ ತಿಳಿ ಕಲಗಚ್ಚಿನ ಬಾನಿಗೆ ಹೋಗುತ್ತಿತ್ತು, ಹಸು ಕುಡಿಯಲಿ ಅಂತ.

ಅಮರ್ತ್ಯ ಸೇನ್ ಆಗ ಒಂಬತ್ತು ವರ್ಷದ ಹುಡುಗ, ಶಾಂತಿನಿಕೇತನದಲ್ಲಿದ್ದರು. ಹಸಿದು ಬಂದವರಿಗೆ ಒಂದು ಸಿಗರೇಟ್ ಡಬ್ಬಿ ತುಂಬ ಅಕ್ಕಿ ಕೊಡಬಹುದು ಅಂತ ಅಜ್ಜ ಅನುಮತಿ ಕೊಟ್ಟಿದ್ದರಂತೆ. ಒಂದು ಮನೆಯವರಿಗೆ ಒಂದೇ ಡಬ್ಬಿ.

ಸರ್ಕಾರ ಇದನ್ನು ಕ್ಷಾಮ ಅಂತ ಘೋಷಿಸಲೇ ಇಲ್ಲ. ಘೋಷಿಸಿದರೆ ಕ್ಷಾಮದ ಕಾಯಿದೆ ಪ್ರಕಾರ ಪರಿಹಾರದ ಕೆಲಸ ನಡೆಸಲೇಬೇಕಾಗುತ್ತಿತ್ತು. ಸುದ್ದಿಯ ಮೇಲೆ ಕಾವಲಿತ್ತು. 1943ರ ಆಗಸ್ಟ್ 22, ಭಾನುವಾರ, ಕಲ್ಕತ್ತಾದ ಸ್ಟೇಟ್ಸ್‌ಮನ್ ಪತ್ರಿಕೆ ಬೀದಿಯಲ್ಲಿ ಸಾಯುತ್ತಿದ್ದವರ ಫೋಟೋಗಳನ್ನು ಅಚ್ಚು ಹಾಕಿತು. ಸಂಪಾದಕ ಇಯಾನ್ ಸ್ಟೀಫನ್ಸ್, ಬ್ರಿಟಿಷ್ ಮನುಷ್ಯ. ಪತ್ರಿಕೆಯೂ ಬ್ರಿಟಿಷರದ್ದೇ. ಆ ಚಿತ್ರಗಳು ದೆಹಲಿಗೂ ಲಂಡನ್ನಿಗೂ ಹೋದ ಮೇಲೆ ಸರ್ಕಾರಕ್ಕೆ ಸುಮ್ನಿರಲು ಆಗಲಿಲ್ಲ. ಇವತ್ತಿಗೆ ಸರಿಯಾಗಿ 82 ವರ್ಷ.

ಆದರೂ ಕೆಲಸ ಬೇಗ ಆಗಲಿಲ್ಲ. ಧಾನ್ಯ ಕಳಿಸಿ ಅಂತ ದೆಹಲಿಯಿಂದ ಮತ್ತೆ ಮತ್ತೆ ಕೇಳಿದರು. ಹಡಗಿಲ್ಲ ಅಂತ ಬ್ರಿಟನ್ ಪ್ರಧಾನಿ ಚರ್ಚಿಲ್ ಸಂಪುಟ ಕೇಳಿದ್ದಕ್ಕಿಂತ ಬಹಳ ಕಮ್ಮಿ ಕಳಿಸಿತು. ಅಕ್ಟೋಬರ್‌ನಲ್ಲಿ ವೈಸರಾಯ್ ಆಗಿ ಬಂದ ವೇವೆಲ್ ಕಲ್ಕತ್ತಾಗೆ ಹೋಗಿ ಕಣ್ಣಾರೆ ನೋಡಿದ, ಅಕ್ಕಿ ಸಾಗಿಸಲು ಸೈನ್ಯ ಇಳಿಸಿದ. ಅವನಿಗಿಂತ ಮುಂಚೆ ಇದ್ದ ಲಿನ್ಲಿತ್‌ಗೋ ಕ್ಷಾಮ ನೋಡಲು ಬಂಗಾಳಕ್ಕೆ ಹೋಗಿಯೇ ಇರಲಿಲ್ಲ. ಸತ್ತವರು 15 ಲಕ್ಷ ಅಂತ ಸರ್ಕಾರದ ವಿಚಾರಣಾ ಆಯೋಗ ಹೇಳಿತು. ಆಮೇಲೆ ಲೆಕ್ಕ ಹಾಕಿದವರಲ್ಲಿ ಹಲವರು 30 ಲಕ್ಷದ ಹತ್ತಿರ ಹೇಳುತ್ತಾರೆ. ಇಡೀ ಯುದ್ಧದಲ್ಲಿ ಸತ್ತ ಭಾರತೀಯ ಸೈನಿಕರು ಸುಮಾರು 87 ಸಾವಿರ. ಎರಡೂ ಸಂಖ್ಯೆಯನ್ನು ಒಂದರ ಕೆಳಗೆ ಒಂದು ಬರೆದು ನೋಡಿದೆ. ಸೈನಿಕರ ಹೆಸರಿಗೆ ಕಲ್ಲುಗಳಿವೆ, ಇರಬೇಕಾದದ್ದೇ. ಇವರ ಹೆಸರು ಯಾವ ಕಲ್ಲಿನ ಮೇಲೂ ನಾನು ನೋಡಿಲ್ಲ.

ಇದೇ ಯುದ್ಧ ನಮ್ಮ ಬೆಂಗಳೂರಿಗೆ ಎಚ್‌ಎಎಲ್ ವಿಮಾನ ಕಾರ್ಖಾನೆ ಕೊಟ್ಟಿತು. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಶುರು ಮಾಡಿದ ಕಾರ್ಖಾನೆಯಲ್ಲಿ ಆಮೇಲೆ ಅಮೆರಿಕದವರ ವಿಮಾನಗಳ ರಿಪೇರಿ ನಡೆಯಿತು. ನನ್ನ ದೊಡ್ಡಪ್ಪ ಅಲ್ಲೇ ಕೆಲಸ ಮಾಡಿ ನಿವೃತ್ತರಾದದ್ದು. ನಮ್ಮ ಮನೆಯ ಅನ್ನಕ್ಕೂ ಆ ಯುದ್ಧದ ಋಣ ಇದೆ ಅನ್ನುವುದು ಈಗ ಓದುವಾಗ ಚುಚ್ಚುತ್ತದೆ.

ರೇಷನ್ ಅನ್ನುವ ಮಾತು ಇಲ್ಲಿ ಮನೆಮಾತಾದದ್ದೂ ಆಗಲೇ. ಬೊಂಬಾಯಿಯಲ್ಲಿ 1943ರಲ್ಲಿ, ಕಲ್ಕತ್ತಾದಲ್ಲಿ 1944ರಲ್ಲಿ ಶುರುವಾಯಿತು. ಯುದ್ಧ ಮುಗಿಯಿತು, ಬ್ರಿಟಿಷರು ಹೋದರು, ರೇಷನ್ ಕಾರ್ಡು ಉಳಿಯಿತು. ನಮ್ಮ ಬೀದಿ ತುದಿಯ ನ್ಯಾಯಬೆಲೆ ಅಂಗಡಿ ಮುಂದೆ ಇವತ್ತು ಸಂಜೆಯೂ ಚೀಲ ಹಿಡಿದು ಜನ ನಿಂತಿದ್ದರು. ಆ ಅಂಗಡಿ ಇರಬೇಕು. ಅದರ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಇನ್ನು ಮೇಲೆ ನಾನು ಸುಮ್ಮನೆ ಕೇಳಿಸಿಕೊಳ್ಳುವುದಿಲ್ಲ.

ರಾತ್ರಿ ಕುಕ್ಕರ್ ಇಡಲಿಲ್ಲ. ಅಜ್ಜಿ ಮಾಡುತ್ತಿದ್ದ ಹಾಗೆ ಪಾತ್ರೆಯಲ್ಲಿ ಅಕ್ಕಿ ಬೇಯಿಸಿ, ತಟ್ಟೆ ಮುಚ್ಚಿ ಬಸಿದೆ. ತಿಳಿಗೆ ಚಿಟಿಕೆ ಉಪ್ಪು ಹಾಕಿ ಒಂದು ಲೋಟ ಕುಡಿದೆ. ಬೆಚ್ಚಗಿತ್ತು. ಉಪ್ಪಿನ ರುಚಿ ಬಿಟ್ಟರೆ ಬೇರೇನೂ ಇರಲಿಲ್ಲ. ಹತ್ತು ನಿಮಿಷಕ್ಕೆ ಮತ್ತೆ ಹಸಿವಾಯಿತು.

"ಪಾತ್ರೆಯಲ್ಲಿ ಇನ್ನೂ ಇದೆ, ಚೆಲ್ಲಲಾ?" ಅಂತ ಅಮ್ಮ ಕೇಳಿದಳು. ಬೇಡ ಅಂದೆ.