ಕಾಗೆ ಗೋಡೆಯ ಆಚೆಗಿನ ಊರು

ಈಜಿಪ್ಟಿನ ಗೀಝಾಕ್ಕೆ ಬಂದು ಮೂರು ವರ್ಷವಾಯಿತು. ನಮ್ಮ ತಾರಸಿಗೆ ಹತ್ತಿದರೆ ನೀರಿನ ಟ್ಯಾಂಕು, ಡಿಶ್ಶು, ಗಿಲಾವು ಕಾಣದ ಕೆಂಪು ಇಟ್ಟಿಗೆ ಮನೆಗಳು, ಅವುಗಳಾಚೆ ಖುಫು ದೊರೆಯ ಪಿರಮಿಡ್. ಪಟದಲ್ಲಿ ನೋಡಿ ನಾನೂ ಅದು ನಟ್ಟನಡು ಮರಳುಗಾಡಿನಲ್ಲಿದೆ ಅಂದುಕೊಂಡಿದ್ದೆ. ಆದರೆ ಊರು ಸಿಂಹದ ಮೈ, ಮನುಷ್ಯನ ತಲೆಯ ಕಲ್ಲುಮೂರ್ತಿಯಾದ ಸ್ಫಿಂಕ್ಸ್‌ನ ಕಾಲಬುಡಕ್ಕೇ ಬಂದು ನಿಂತಿದೆ. ನಝ್ಲೆತ್ ಎಲ್ ಸಮ್ಮಾನ್ ಎಂಬ ಆ ಕೇರಿಯ ಓಣಿಗಳಲ್ಲಿ ಕುದುರೆ ಲಾಯ, ಒಂಟೆ, ನಡುವೆ ನುಗ್ಗುವ ನಮ್ಮದೇ ಬಜಾಜ್ ಆಟೊ. ಇಲ್ಲಿ ಅದರ ಹೆಸರು ತುಕ್‌ತುಕ್.

ಮೊದಲ ವರ್ಷ ನಾನು ನೋಡಿದ್ದು ಬರೀ ಕಲ್ಲು. ಕಟ್ಟಿದಾಗ 146 ಮೀಟರ್, ಈಗ 138ರ ಆಸುಪಾಸು, ಸುಮಾರು 23 ಲಕ್ಷ ಕಲ್ಲು, 4,500 ವರ್ಷ ಹಳೆಯದು ಅಂತ ಬಂದವರಿಗೆಲ್ಲ ಒಪ್ಪಿಸುತ್ತಿದ್ದೆ. ಒಮ್ಮೆ ಫೋನಿನಲ್ಲಿ ಅಮ್ಮ ಇದನ್ನೆಲ್ಲ ಕೇಳಿಸಿಕೊಂಡು, "ಅಷ್ಟು ಜನಕ್ಕೆ ಅಡುಗೆ ಯಾರು ಮಾಡ್ತಿದ್ರೇ?" ಅಂದಳು. ನನಗೆ ಹೊಳೆಯದೇ ಹೋದ ಪ್ರಶ್ನೆ.

ಉತ್ತರ ಸ್ಫಿಂಕ್ಸ್‌ನಿಂದ ದಕ್ಷಿಣಕ್ಕೆ ಕೆಲವೇ ನಿಮಿಷದ ನಡಿಗೆಯಲ್ಲಿದೆ. ಅಲ್ಲೊಂದು ಕಲ್ಲಿನ ಗೋಡೆ, 200 ಮೀಟರ್ ಉದ್ದ, 10 ಮೀಟರ್ ಎತ್ತರ. ಊರವರು ಹೇತ್ ಎಲ್ ಘುರಾಬ್ ಅನ್ನುತ್ತಾರೆ, ಕಾಗೆ ಗೋಡೆ. ಅದರಾಚೆಯ ಮರಳಿನಡಿ ಖುಫುವಿನ ನಂತರ ಪಕ್ಕದ ಪಿರಮಿಡ್ಡುಗಳನ್ನು ಕಟ್ಟಿಸಿದ ಖಫ್ರೆ, ಮೆನ್ಕೌರೆ ದೊರೆಗಳ ಕಾಲದ ಒಂದು ಪಟ್ಟಣವೇ ಇದೆ. ಪುರಾತತ್ವಜ್ಞ ಮಾರ್ಕ್ ಲೆಹ್ನರ್ ತಂಡ 1988ರ ಸುಮಾರಿಗೆ ಅಗೆಯಲು ಶುರುಮಾಡಿತು. ಬೀದಿಗಳು ಸಿಕ್ಕವು, ಸಾಲಾಗಿ ಮಲಗಬಹುದಾದಂಥ ಉದ್ದುದ್ದ ಕಟ್ಟಡಗಳು ಸಿಕ್ಕವು, ದನ, ಕುರಿ, ಮೇಕೆಗಳ ರಾಶಿ ರಾಶಿ ಮೂಳೆ ಸಿಕ್ಕವು. ಹುಡುಗರು ಫುಟ್‌ಬಾಲ್ ಆಡುವ ಮೈದಾನದ ಕೆಳಗೂ ಆ ಪಟ್ಟಣ ಹಬ್ಬಿತ್ತು. ಅಗೆದು ದಾಖಲಿಸಿದ ಮೇಲೆ, ಹಾಳಾಗದಿರಲೆಂದು ಮತ್ತೆ ಮರಳು ಮುಚ್ಚಿದ್ದಾರೆ. ಹಾಗಾಗಿ ಹೋದವರಿಗೆ ಕಾಣುವುದು ಗೋಡೆಯೊಂದೇ. ಅದರ ಬಾಗಿಲ ಮೇಲೆ ಅಡ್ಡಲಾಗಿ ಕೂತ ಕಲ್ಲುಗಳನ್ನು ಕತ್ತೆತ್ತಿ ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

1991ರಲ್ಲಿ ಅಲ್ಲಿ ರೊಟ್ಟಿ ಸುಡುವ ಮನೆಗಳು ಸಿಕ್ಕವು. ಅಮ್ಮನಿಗೆ ನಾನು ಬಿಡಿಸಿ ಬಿಡಿಸಿ ಹೇಳಿದ್ದು ಇದನ್ನೇ. ಗಂಟೆಯಾಕಾರದ ದಪ್ಪ ಮಣ್ಣಿನ ಮಡಕೆಗೆ ಹಿಟ್ಟು ತುಂಬಿ, ಕೆಂಡ ಬೂದಿಯ ಗುಳಿಯಲ್ಲಿ ಸಾಲಾಗಿ ಇಡುತ್ತಿದ್ದರು. ಬೆಂಕಿಯಲ್ಲಿ ಕಾಯಿಸಿದ ಇನ್ನೊಂದು ಮಡಕೆಯನ್ನು ಮೇಲೆ ಬೋರಲು ಹಾಕಿದರೆ ಅದೇ ಮುಚ್ಚಳ, ಅದೇ ಮೇಲಿನ ಶಾಖ. ಒಳಗೆ ದಪ್ಪನೆ ರೊಟ್ಟಿ ಬೇಯುತ್ತಿತ್ತು. ಆ ಹೊಗೆ ತುಂಬಿದ ಕೋಣೆಯಲ್ಲಿ ಬಗ್ಗಿ ಬಗ್ಗಿ ಎದ್ದವರ ಸೊಂಟ ಏನಾಗಿರಬೇಡ!

1990ರಲ್ಲಿ ಒಂದು ಕುದುರೆ ಮಣ್ಣಿಟ್ಟಿಗೆಯ ಗೋಡೆ ಎಡವಿದ್ದರಿಂದ ಕೆಲಸಗಾರರ ಗೋರಿಗಳೂ ಪತ್ತೆಯಾದವು. ಮುರಿದು ಮತ್ತೆ ನೆಟ್ಟಗೆ ಕೂಡಿದ ಕೈಕಾಲಿನ ಮೂಳೆಗಳು ಅಲ್ಲಿವೆ. ಅಂದರೆ ಯಾರೋ ಪಟ್ಟಿ ಕಟ್ಟಿ ಆರೈಕೆ ಮಾಡಿದ್ದಾರೆ. ದೊರೆಯ ಪಿರಮಿಡ್ಡಿನ ಮಗ್ಗುಲಲ್ಲೇ ಇವರಿಗೂ ಜಾಗ ಸಿಕ್ಕಿದೆ. ಚಾಟಿಯೇಟಿನ ಗುಲಾಮರ ಕಥೆ ಕೇಳಿಕೊಂಡೇ ಬೆಳೆದ ನನಗೆ ಇದನ್ನು ತಿಳಿದಾಗ ಗಂಟಲು ಕಟ್ಟಿತು.

ಇಲ್ಲಿನವರು ರೊಟ್ಟಿಗೆ 'ಐಶ್' ಅನ್ನುತ್ತಾರೆ. ಅರಬ್ಬಿಯಲ್ಲಿ ಬದುಕು ಎಂಬ ಅರ್ಥವೂ ಅದಕ್ಕಿದೆ. ನಮ್ಮ ಓಣಿಯ ಫುರ್ನ್, ಅಂದರೆ ರೊಟ್ಟಿ ಸುಡುವ ಒಲೆಯಂಗಡಿ, ಬೆಳಗಾಗುವ ಮೊದಲೇ ಉರಿಯುತ್ತದೆ. ಪೂರಿಯಂತೆ ಉಬ್ಬಿ ಬಂದ ರೊಟ್ಟಿಗಳನ್ನು ತಕ್ಷಣ ಒಂದರ ಮೇಲೊಂದು ಪೇರಿಸುವಂತಿಲ್ಲ, ಅಂಟಿಕೊಳ್ಳುತ್ತವೆ. ಕೊಂಡವರು ಕಟ್ಟೆಯ ಮೇಲೆ, ನಿಂತ ಕಾರಿನ ಮೇಲೆ ಹರಡಿ ಹಬೆ ಆರಿಸುತ್ತಾರೆ. ಉಳಿದವನ್ನು ಹುಡುಗನೊಬ್ಬ ಉದ್ದನೆ ಹಲಗೆಯಲ್ಲಿ ತಲೆಯ ಮೇಲಿಟ್ಟುಕೊಂಡು, ಒಂದೇ ಕೈಯಲ್ಲಿ ಸೈಕಲ್ ಹಿಡಿದು ಆಟೊಗಳ ನಡುವೆ ನುಸುಳಿಹೋಗುತ್ತಾನೆ.

ಮೊನ್ನೆ ನಾನೂ ಹತ್ತು ರೊಟ್ಟಿ ಕೊಂಡು ಕಟ್ಟೆಯ ಮೇಲೆ ಹರಡಿ, ಅಮ್ಮನಿಗೆ ವಿಡಿಯೊ ಕರೆ ಮಾಡಿದೆ. ಓಣಿಯ ಕೊನೆಯಲ್ಲಿ ಪಿರಮಿಡ್ ಬಿಸಿಲಿಗೆ ಹೊಳೆಯುತ್ತಿತ್ತು. ಅಮ್ಮ ಅತ್ತ ನೋಡಲೇ ಇಲ್ಲ.

"ಒಂದನ್ನ ತಿರುಗಿಸಿ ತೋರ್ಸೇ" ಅಂದಳು. ತಿರುಗಿಸಿದೆ. "ತಳಕ್ಕೆ ತೌಡು ಉದುರಿಸಿದಾರೆ ನೋಡು, ಅದಕ್ಕೇ ಹತ್ಕೊಂಡಿಲ್ಲ."