ಎನ್‌ವಿಪ್ರೋಫ್‌ನಿಂದ ಎನ್‌ಸೈಟ್‌ಗೆ: ಎಲೆಚುಕ್ಕಿ ಮಾಡೆಲ್ ಮುಂದಿಟ್ಟುಕೊಂಡು

ಅಡಿಕೆಯ ಎಲೆಚುಕ್ಕಿ ರೋಗವನ್ನು ಫೋಟೊದಲ್ಲಿ ಗುರುತಿಸುವ ಮಾಡೆಲ್‌ಗೆ ಟ್ರೇನಿಂಗ್ ಕೊಡುವ ಮಷೀನಿನಲ್ಲಿ ಜಿಟಿಎಕ್ಸ್ 1080 ಟಿಐ ಗ್ರಾಫಿಕ್ಸ್ ಕಾರ್ಡ್ (ಜಿಪಿಯು) ತೆಗೆದು ಆರ್‌ಟಿಎಕ್ಸ್ 3060 ಹಾಕಿದ ದಿನವೇ ಎನ್‌ವಿಪ್ರೋಫ್, ಅಂದರೆ ಜಿಪಿಯು ಸಮಯ ಎಲ್ಲಿ ಹೋಗುತ್ತಿದೆ ಅಂತ ಅಳೆಯುವ ಎನ್‌ವಿಡಿಯಾದ ಹಳೆಯ ಟೂಲ್, ಕೈಕೊಡುತ್ತದೆ. ಅದು ಕಾರ್ಡಿನ ತಪ್ಪಲ್ಲ, ಡ್ರೈವರ್ ತಪ್ಪೂ ಅಲ್ಲ. ಕಂಪ್ಯೂಟ್ ಕೆಪ್ಯಾಬಿಲಿಟಿ (ಕಾರ್ಡಿನ ಪೀಳಿಗೆ ಹೇಳುವ ಸಂಖ್ಯೆ) 8.0 ಮತ್ತು ಅದಕ್ಕೂ ಮೇಲಿನ ಕಾರ್ಡುಗಳಿಗೆ ಎನ್‌ವಿಪ್ರೋಫ್ ಬೆಂಬಲ ಇಲ್ಲ, 3060ರದ್ದು 8.6. ಜಿಪಿಯು ಪ್ರೋಗ್ರಾಮಿಂಗ್‌ಗೆ ಎನ್‌ವಿಡಿಯಾ ಕೊಡುವ ಕುಡಾ ತಂತ್ರಾಂಶದ 13ನೇ ಆವೃತ್ತಿಯಲ್ಲಂತೂ ಆ ಟೂಲನ್ನೇ ತೆಗೆದಿದ್ದಾರೆ.

ಅದರ ಜಾಗದಲ್ಲಿ ಈಗ ಎರಡು ಟೂಲ್‌ಗಳಿವೆ: ಎನ್‌ಸೈಟ್ ಸಿಸ್ಟಮ್ಸ್, ಎನ್‌ಸೈಟ್ ಕಂಪ್ಯೂಟ್. ತೋಟ ಪೂರ್ತಿ ಸುತ್ತಿ ರೋಗ ಎಲ್ಲಿದೆ ಅಂತ ನೋಡುವುದು ಮೊದಲನೆಯದರ ಕೆಲಸ. ಒಂದು ಸೋಗೆ ಕಿತ್ತು ಬೆಳಕಿಗೆ ಹಿಡಿದು ನೋಡುವುದು ಎರಡನೆಯದರದ್ದು. ಈ ಕ್ರಮ ತಪ್ಪಿಸಬೇಡಿ. ನೇರವಾಗಿ ಕಂಪ್ಯೂಟ್‌ಗೆ ಹಾರಿದರೆ, ಒಟ್ಟು ಸಮಯದಲ್ಲಿ ಲೆಕ್ಕಕ್ಕೇ ಬಾರದ ಕರ್ನಲ್ (ಜಿಪಿಯು ಮೇಲೆ ಓಡುವ ಸಣ್ಣ ಪ್ರೋಗ್ರಾಂ) ಒಂದನ್ನು ತಿದ್ದುತ್ತಾ ವಾರ ಕಳೆದುಬಿಡುತ್ತೀರಿ.

ಹಳೆಯ ಕಾರ್ಡ್ ಕಳಚುವ ಮುಂಚೆ ಒಂದು ಕೆಲಸ ಮುಗಿಸಿಕೊಳ್ಳಿ. ಎನ್‌ಸೈಟ್ ಕಂಪ್ಯೂಟಿನ ಹೊಸ ಆವೃತ್ತಿಗಳಲ್ಲಿ 1080 ಟಿಐನಂಥ ಪಾಸ್ಕಲ್ ಪೀಳಿಗೆಯ ಕಾರ್ಡ್ ನಡೆಯುವುದಿಲ್ಲ. ಆದರೆ ಕುಡಾ 11ರ ಜೊತೆ ಬರುವ ಎನ್‌ಸೈಟ್ ಸಿಸ್ಟಮ್ಸ್ 1080 ಟಿಐ ಮೇಲೆ ಓಡುತ್ತದೆ, ಎನ್‌ವಿಪ್ರೋಫ್ ಕೂಡ ಕುಡಾ 11ರಲ್ಲೇ ಇದೆ. ಟ್ರೇನಿಂಗ್‌ನ ಒಂದೇ 20 ಬ್ಯಾಚ್‌ಗಳನ್ನು (ಬ್ಯಾಚ್ ಅಂದರೆ ಒಟ್ಟಿಗೆ ಕಳಿಸುವ ಚಿತ್ರಗಳ ಗುಂಪು) ಈ ಎರಡೂ ಟೂಲ್‌ಗಳಲ್ಲಿ ಅಳೆದು, ಮೊದಲ ಹತ್ತು ಕರ್ನಲ್‌ಗಳ ಒಟ್ಟು ಸಮಯ ಬರೆದಿಡಿ. ಎರಡೂ ಹತ್ತಿರ ಹತ್ತಿರ ಬರಬೇಕು. ಬಾರದಿದ್ದರೆ ಅಳೆದ ಬ್ಯಾಚ್‌ಗಳು ಒಂದೇ ಅಲ್ಲ ಎಂದೇ ಮೊದಲು ಅನುಮಾನಿಸಿ.

ಟ್ರೇನಿಂಗ್ ಪೂರ್ತಿ ರೆಕಾರ್ಡ್ ಮಾಡಬೇಡಿ. ಮೊದಲ ಕೆಲವು ಬ್ಯಾಚ್‌ಗಳಲ್ಲಿ ಮೆಮೊರಿ ಹಂಚಿಕೆ ನಡೆಯುತ್ತಿರುತ್ತದೆ, ಬೆಂಚ್‌ಮಾರ್ಕ್ ಮೋಡ್ ಹಾಕಿದ್ದರೆ ಎನ್‌ವಿಡಿಯಾದ ನ್ಯೂರಲ್ ನೆಟ್‌ವರ್ಕ್ ಲೈಬ್ರರಿ ಸಿಯುಡಿಎನ್‌ಎನ್ ತನಗೆ ಬೇಕಾದ ಅಲ್ಗಾರಿದಮ್ ಹುಡುಕುತ್ತಿರುತ್ತದೆ. 50 ಬ್ಯಾಚ್ ಬಿಟ್ಟು, ಪೈಟಾರ್ಚ್‌ನ ಕುಡಾ ಪ್ರೊಫೈಲರ್ ಸ್ಟಾರ್ಟ್ ಕರೆದು, 20 ಬ್ಯಾಚ್ ಆದಮೇಲೆ ಸ್ಟಾಪ್ ಕರೆಯಿರಿ. ಎನ್‌ಸೈಟ್ ಸಿಸ್ಟಮ್ಸ್‌ನ ಎನ್‌ಸಿಸ್ ಕಮಾಂಡಿನಲ್ಲಿ ಕ್ಯಾಪ್ಚರ್ ರೇಂಜನ್ನು ಕುಡಾ ಪ್ರೊಫೈಲರ್ ಎಪಿಐ ಅಂತ ಕೊಡಿ. ಡೇಟಾ ಲೋಡ್, ಫಾರ್ವರ್ಡ್, ಬ್ಯಾಕ್‌ವರ್ಡ್ ಮೂರಕ್ಕೂ ಎನ್‌ವಿಟಿಎಕ್ಸ್ ಗುರುತು (ಕೋಡಿನ ಭಾಗಕ್ಕೆ ಅಂಟಿಸುವ ಹೆಸರು) ಹಾಕಿದರೆ ಟೈಮ್‌ಲೈನ್ ಓದುವುದು ಸಲೀಸು. ಮಲೆನಾಡಿನ ಮಳೆಗಾಲದಲ್ಲಿ ಹೀಗೆ ಚಿಕ್ಕದಾಗಿ ರೆಕಾರ್ಡ್ ಮಾಡುವುದಕ್ಕೆ ಇನ್ನೊಂದು ಕಾರಣವೂ ಇದೆ: ರಿಪೋರ್ಟ್ ಫೈಲ್ ತಯಾರಾಗುವುದು ಕೊನೆಯಲ್ಲಿ. ನಡುವೆ ಕರೆಂಟು ಹೋಗಿ ಯುಪಿಎಸ್ ಕೂಡ ಕೈಬಿಟ್ಟರೆ ಏನೂ ಉಳಿಯುವುದಿಲ್ಲ.

ಎಲೆಚುಕ್ಕಿ ರೋಗದ ಫೋಟೊಗಳ ಮಾಡೆಲ್‌ನಲ್ಲಿ ಟೈಮ್‌ಲೈನ್ ತೆರೆದ ತಕ್ಷಣ ನೋಡಬೇಕಾದ್ದು ಜಿಪಿಯು ಸಾಲಿನ ಖಾಲಿ ಜಾಗಗಳನ್ನು. ತೋಟದಲ್ಲಿ ಮೊಬೈಲಿನಲ್ಲಿ ತೆಗೆದ 4000×3000 ಚಿತ್ರ ಡಿಕೋಡ್ ಆದಮೇಲೆ 36 ಎಂಬಿ ಆಗುತ್ತದೆ. ಮಾಡೆಲ್ ಕೇಳುವುದು 224×224, ಅಂದರೆ ಸುಮಾರು 150 ಕೆಬಿ. ಪ್ರತಿ ಈಪಾಕ್‌ನಲ್ಲೂ (ಎಲ್ಲ ಚಿತ್ರಗಳ ಒಂದೊಂದು ಸುತ್ತಿನಲ್ಲೂ) ಸಿಪಿಯು ಇಷ್ಟನ್ನು ಬಿಡಿಸಿ ಕುಗ್ಗಿಸುತ್ತಾ ಕೂತರೆ ಜಿಪಿಯು ಕಾಯುತ್ತಾ ಕೂರುತ್ತದೆ. ಚಿತ್ರಗಳನ್ನು ಒಮ್ಮೆ ಚಿಕ್ಕ ಬದಿ 256 ಪಿಕ್ಸೆಲ್‌ಗೆ ಇಳಿಸಿ ಸೇವ್ ಮಾಡಿಕೊಳ್ಳಿ. ಆಮೇಲೆ ಚಿತ್ರ ಲೋಡ್ ಮಾಡುವ ವರ್ಕರ್ ಸಂಖ್ಯೆ ಹೆಚ್ಚಿಸಿ ನೋಡಿ. ಮೆಮೊರಿ ಕಾಪಿಯ ವಿವರದಲ್ಲಿ ಮೂಲ 'ಪೇಜಬಲ್' (ಆಪರೇಟಿಂಗ್ ಸಿಸ್ಟಮ್ ಜಾಗ ಬದಲಿಸಬಹುದಾದ ಮೆಮೊರಿ) ಅಂತ ಇದ್ದರೆ ಪಿನ್ ಮೆಮೊರಿ ಆನ್ ಮಾಡಿ. ಚುಕ್ಕಿ ಇನ್ನೂ ಸಣ್ಣದಿರುವ ಹಂತದ ಚಿತ್ರಗಳನ್ನು ಮಾತ್ರ ಇಷ್ಟು ಕುಗ್ಗಿಸುವ ಮುಂಚೆ ಯೋಚಿಸಿ: ಚುಕ್ಕಿಯೇ ಅಳಿಸಿಹೋದರೆ ವೇಗ ಕಟ್ಟಿಕೊಂಡು ಏನು ಮಾಡುವುದು?

ಸಿಪಿಯು ಮಾಡಿದ ಕುಡಾ ಕರೆಗಳ (ಎಪಿಐ) ಪಟ್ಟಿಯಲ್ಲಿ ಸಿಂಕ್ರೊನೈಸ್ ಕರೆ ಮೇಲೆ ಕೂತಿದ್ದರೆ ಅದನ್ನೇ ಅಪರಾಧಿ ಮಾಡಬೇಡಿ. ಅದು ಜಿಪಿಯು ಮುಗಿಸುವವರೆಗೆ ಸಿಪಿಯು ಕಾದ ಸಮಯ ಅಷ್ಟೆ. ಪ್ರತಿ ಬ್ಯಾಚಿಗೂ ಲಾಸ್‌ನ (ಮಾಡೆಲ್ ಎಷ್ಟು ತಪ್ಪಿದೆ ಎಂಬ ಅಂಕಿಯ) ಬೆಲೆ ಪ್ರಿಂಟ್ ಮಾಡುತ್ತಿದ್ದೀರಾ ನೋಡಿ, ಪ್ರಿಂಟ್ ಮಾಡಿದಾಗಲೆಲ್ಲ ಸಿಪಿಯು ಹೀಗೆ ಕಾಯಬೇಕಾಗುತ್ತದೆ. 50 ಬ್ಯಾಚಿಗೊಮ್ಮೆ ಸಾಕು.

ಖಾಲಿ ಜಾಗ ಮುಚ್ಚಿದ ಮೇಲೂ ಒಂದೇ ಕರ್ನಲ್ ಸಮಯ ನುಂಗುತ್ತಿದ್ದರೆ ಆಗ ಎನ್‌ಸೈಟ್ ಕಂಪ್ಯೂಟ್. ಕರ್ನಲ್ ಹೆಸರು ಕೊಟ್ಟು, ಲಾಂಚ್ ಕೌಂಟ್ (ಎಷ್ಟು ಓಟ ಅಳೆಯಬೇಕೆಂಬುದು) 3 ಅಥವಾ 5 ಇಡಿ. ಜಿಪಿಯು ಒಳಗಿನ ಎಣಿಕೆಯ ಕೌಂಟರ್‌ಗಳನ್ನೆಲ್ಲ ಓದಲು ಅದು ಒಂದೇ ಕರ್ನಲನ್ನು ಮೆಮೊರಿ ಉಳಿಸಿಟ್ಟು ಮತ್ತೆ ಮತ್ತೆ ಓಡಿಸುತ್ತದೆ, ಹಾಗಾಗಿ ಮಿತಿ ಹಾಕದೆ ಬಿಟ್ಟರೆ ಮುಗಿಯುವುದೇ ಇಲ್ಲ. ಮೊದಲ ಸಲ ಪರ್ಮಿಷನ್ ಎರರ್ ಬಂದರೆ, ಎನ್‌ವಿಡಿಯಾ ಮಾಡ್ಯೂಲಿನ 'ರಿಸ್ಟ್ರಿಕ್ಟ್ ಪ್ರೊಫೈಲಿಂಗ್ ಟು ಅಡ್ಮಿನ್ ಯೂಸರ್ಸ್' ಆಯ್ಕೆಯನ್ನು ಲಿನಕ್ಸಿನ ಮಾಡ್‌ಪ್ರೋಬ್ ಸೆಟ್ಟಿಂಗ್‌ನಲ್ಲಿ 0 ಮಾಡಿ, ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೊದಲು ಓದುವ ಫೈಲ್) ಅಪ್‌ಡೇಟ್ ಮಾಡಿ ರೀಬೂಟ್ ಕೊಡಿ. ಹಲವರು ಹಂಚಿಕೊಳ್ಳುವ ಮಷೀನ್ ಆದರೆ ಅದನ್ನು ತೆರೆಯದೆ ಸುಡೋದಲ್ಲಿ (ಅಡ್ಮಿನ್ ಅಧಿಕಾರದಲ್ಲಿ) ಓಡಿಸುವುದೇ ಒಳ್ಳೆಯದು.

ಹಳೆಯ ಅಂಕಿಗಳನ್ನು ಹೊಸದರ ಪಕ್ಕ ಇಡುವಾಗ ಎಚ್ಚರ. ಎನ್‌ವಿಪ್ರೋಫ್‌ನ ಅಚೀವ್ಡ್ ಆಕ್ಯುಪೆನ್ಸಿ (ಜಿಪಿಯು ಎಷ್ಟು ತುಂಬಿತ್ತು ಎಂಬ ಅಳತೆ) 0.52 ಅಂತ ಬರುತ್ತಿತ್ತು, ಹೊಸದರಲ್ಲಿ ಅದು ಶೇ. 52. ಕಂಪ್ಯೂಟ್ ತಾನಾಗಿಯೇ ಜಿಪಿಯು ಕ್ಲಾಕನ್ನು ಬೇಸ್‌ಗೆ ಕಟ್ಟಿಹಾಕುತ್ತದೆ, ಪ್ರತಿ ಸುತ್ತಿಗೂ ಮುಂಚೆ ಕ್ಯಾಶ್ ಖಾಲಿ ಮಾಡುತ್ತದೆ. ಹಾಗಾಗಿ ಅದು ತೋರಿಸುವ ಕರ್ನಲ್ ಸಮಯ ಸಿಸ್ಟಮ್ಸ್‌ಗಿಂತ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ಎಷ್ಟು ಹೊತ್ತು ಎಂಬುದಕ್ಕೆ ಸಿಸ್ಟಮ್ಸ್ ನಂಬಿ, ಯಾಕೆ ಎಂಬುದಕ್ಕೆ ಕಂಪ್ಯೂಟ್.

ಮಷೀನ್ ಶಿವಮೊಗ್ಗದಲ್ಲಿದ್ದು ನೀವು ಹೊಸನಗರದಲ್ಲಿ ನಿಧಾನ ನೆಟ್ ಹಿಡಿದು ಕೂತಿದ್ದರೆ ಇಡೀ ರಿಪೋರ್ಟ್ ಇಳಿಸಿಕೊಳ್ಳುವ ಗೋಜಿಗೆ ಹೋಗಬೇಡಿ. ಅಲ್ಲೇ ಎನ್‌ಸಿಸ್ ಸ್ಟ್ಯಾಟ್ಸ್ ಓಡಿಸಿ, ಕರ್ನಲ್ ಮೊತ್ತದ ಪಟ್ಟಿಯನ್ನು ಸಿಎಸ್‌ವಿ ಮಾಡಿ ತರಿಸಿಕೊಳ್ಳಿ. ಟೈಮ್‌ಲೈನೇ ಬೇಕೆಂದರೆ ಲ್ಯಾಪ್‌ಟಾಪಿನಲ್ಲಿ ಜಿಪಿಯು ಇರಲೇಬೇಕೆಂದಿಲ್ಲ, ಆದರೆ ಅಲ್ಲಿನ ಎನ್‌ಸೈಟ್ ಆವೃತ್ತಿ ರಿಪೋರ್ಟ್ ತಯಾರಿಸಿದ ಆವೃತ್ತಿಗಿಂತ ಹಳೆಯದಾಗಿರಬಾರದು.