ರಟ್ಟು ಹರಿದ ತುಳು ನಾಟಕಕ್ಕೊಂದು ದಾಖಲೆ

ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದಲ್ಲಿ ಎಂ.ಎ. ದರ್ಜೆಯ ಪದವಿ ಮಾಡುತ್ತಿದ್ದೇನೆಂದು ಹೇಳಿದಾಗ ಉಡುಪಿಯ ನಮ್ಮ ನೆಂಟರಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ಪ್ರಶ್ನೆ: "ಪುಸ್ತಕ ಜೋಡಿಸಿಡ್ಲಿಕ್ಕೆ ಎರಡು ವರ್ಷ ಓದ್ಲಿಕ್ಕೆ ಎಂತ ಉಂಟು?" ಮೊದಲ ಸೆಮಿಸ್ಟರಿನಲ್ಲಿ ನಾನು ಇದಕ್ಕೆ ಸಾವಕಾಶವಾಗಿ ಉತ್ತರ ಕೊಡುತ್ತಿದ್ದೆ. ನಾಲ್ಕನೆಯ ಸೆಮಿಸ್ಟರಿನ ಒಂದು ಶನಿವಾರ, ಕಟಪಾಡಿಯ ಒಳದಾರಿಯೊಂದರಲ್ಲಿರುವ ಯುವಕ ಮಂಡಲದ ವಾಚನಾಲಯದಲ್ಲಿ, ಪುಸ್ತಕ ಜೋಡಿಸಿಡುವುದೇ ನನಗೆ ಸರಿಯಾಗಿ ಬಂದಿಲ್ಲವೆಂಬುದು ತಿಳಿಯಿತು.

ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಂಗಳೂರಿಗೆ, ಅಲ್ಲಿಂದ ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟು, ದೇರಳಕಟ್ಟೆಯ ಮೇಲಾಗಿ ನಮ್ಮ ಮಂಗಳೂರು ವಿಶ್ವವಿದ್ಯಾನಿಲಯವಿರುವ ಕೊಣಾಜೆಗೆ ಹೋಗಿಬರುವಷ್ಟರಲ್ಲಿ ದಿನದ ಅರ್ಧ ಕಳೆದುಹೋಗುತ್ತಿತ್ತು. ಹಾಗಾಗಿ ನನ್ನ ಓದು ಬಹುಮಟ್ಟಿಗೆ ಬಸ್ಸಿನಲ್ಲೇ ಆಯಿತು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ 1917ರಲ್ಲಿ ವೃತ್ತಿ ಆರಂಭಿಸಿದ್ದು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ, ಅದೂ ಗಣಿತದ ಅಧ್ಯಾಪಕರಾಗಿ, ಎಂದು ಓದಿದ್ದು ಕೂಡ ಹಾಗೆಯೇ. ಅದು ಹಂಪನಕಟ್ಟೆಯಲ್ಲಿ ನಾನು ದಿನವೂ ಕಿಟಕಿಯಿಂದ ನೋಡುತ್ತಿದ್ದ ಇಂದಿನ ವಿಶ್ವವಿದ್ಯಾನಿಲಯ ಕಾಲೇಜು. 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಹೊಸತರಲ್ಲಿ ಆ ಕೆಲಸ ಅವರಿಗೆ ಎಷ್ಟು ಬೇಸರ ತರಿಸಿತೆಂದರೆ, ಮರಳಿ ಪಾಠ ಮಾಡಲು ಕಳುಹಿಸಿ ಎಂದು ಕೇಳಿಕೊಂಡರಂತೆ. ಅಂಥವರೇ 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಬರೆದರು. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂಬ ಎರಡನೆಯ ಮತ್ತು ಮೂರನೆಯ ಸೂತ್ರಗಳನ್ನು ನಾನು ಪರೀಕ್ಷೆಯಲ್ಲಿ ಉದಾಹರಣೆ ಸಹಿತ ಬರೆದು ಒಳ್ಳೆಯ ಅಂಕವನ್ನೇ ಪಡೆದಿದ್ದೆ.

ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಆ ವಾಚನಾಲಯದ ಎರಡು ಮರದ ಕಪಾಟುಗಳನ್ನು. ಒಟ್ಟು 214 ಪುಸ್ತಕಗಳಿದ್ದವು. ಕಾದಂಬರಿಗಳು, ಯಕ್ಷಗಾನ ಪ್ರಸಂಗಗಳು, ಮಂಡಲದ ವಾರ್ಷಿಕೋತ್ಸವಗಳಿಗಾಗಿ ತರಿಸಿದ್ದ ತೆಳ್ಳಗಿನ ನಾಟಕದ ಪುಸ್ತಕಗಳು. ಒಂದೊಂದನ್ನೂ ಒರಸಿ, ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ದಶಮಾಂಶ ಪದ್ಧತಿಯಂತೆ ವರ್ಗೀಕರಿಸಿ, ಬೆನ್ನಿಗೆ ಚೀಟಿ ಅಂಟಿಸಿ, ಗ್ರಂಥಾಲಯಗಳಿಗೆಂದೇ ಇರುವ ಕೋಹಾ ತಂತ್ರಾಂಶದಲ್ಲಿ, ಪುಸ್ತಕದ ವಿವರಗಳನ್ನು ಅಂಕಿ ಹಾಕಿದ ಕ್ಷೇತ್ರಗಳಲ್ಲಿ ತುಂಬುವ ಮಾರ್ಕ್ 21 ಮಾದರಿಯ ದಾಖಲೆ ಮಾಡಿದೆ. ಕನ್ನಡ ಸಾಹಿತ್ಯಕ್ಕೆ 894.814, ನಾಟಕವಾದರೆ ಅದರ ಮುಂದೆ ಒಂದು 2. ಮಾರ್ಕ್ ದಾಖಲೆಯ 008ನೆಯ ಕ್ಷೇತ್ರದಲ್ಲಿ ಕೃತಿಯ ಭಾಷೆಯನ್ನು ಮೂರು ಅಕ್ಷರಗಳಲ್ಲಿ ಸೂಚಿಸಬೇಕು, ಕನ್ನಡಕ್ಕೆ ಕೆ-ಎ-ಎನ್. ಪ್ರತಿ ಸಲ ಬೆರಳಚ್ಚಿಸುವುದೇಕೆಂದು ಅದನ್ನು ಮೊದಲೇ ತುಂಬಿಟ್ಟುಕೊಂಡಿದ್ದೆ.

ಆ ಶನಿವಾರ ಎಂಬತ್ತರ ಆಸುಪಾಸಿನ ಹಿರಿಯರೊಬ್ಬರು ಒಳಗೆ ಬಂದರು. ಮೊದಲು ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದವರು. ವಾರ್ತಾಪತ್ರಿಕೆ ಮುಟ್ಟದೆ ನೇರವಾಗಿ ಕಪಾಟಿನ ಕೆಳಗಿನ ಅಂತಸ್ತಿಗೆ ಕೈ ಹಾಕಿ, ಹುಡುಕಿ, ಕೊನೆಗೆ ನನ್ನ ಕಡೆ ತಿರುಗಿದರು.

"ಟೀಚರೇ, ಇಲ್ಲಿ ತುಳು ನಾಟಕದ ಪುಸ್ತಕ ಇತ್ತಲ್ಲ, ಎಲ್ಲಿ ಹೋಯ್ತು?"

(ನಾನು ಟೀಚರಲ್ಲವೆಂದು ಆ ಊರಿನಲ್ಲಿ ಎಷ್ಟು ಸಲ ಹೇಳಿದ್ದೇನೋ.) ತಂತ್ರಾಂಶದ ಸಾಮರ್ಥ್ಯ ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದೆಂದು, "ಕೂತುಕೊಳ್ಳಿ ಅಜ್ಜ, ಈಗ ಹುಡುಕಿ ಕೊಡ್ತೇನೆ" ಎಂದು ಲ್ಯಾಪ್‌ಟಾಪಿನಲ್ಲಿ 'ತುಳು' ಎಂದು ಬರೆದು ಹುಡುಕಿದೆ. ಒಂದೇ ಒಂದು ದಾಖಲೆ ಬಂತು. ಆ ಪುಸ್ತಕವನ್ನು ತೆಗೆದು ಅವರ ಕೈಗಿತ್ತೆ. ಅವರು ಎರಡು ಪುಟ ಮಗುಚಿ, "ಇದು ತುಳುವಿನ ವಿಷಯ ಕನ್ನಡದಲ್ಲಿ ಬರೆದದ್ದು. ನನಗೆ ಬೇಕಾದ್ದು ತುಳುವೇ" ಎಂದು ಹಿಂದಿರುಗಿಸಿದರು.

ಬಳಿಕ ಅವರೇ ಕಪಾಟಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಚೀಟಿಗಳನ್ನು ನೋಡದೆ, ತೆಳ್ಳಗಿನ ಪುಸ್ತಕಗಳ ಬೆನ್ನನ್ನಷ್ಟೇ ಹೆಬ್ಬೆರಳಿನಿಂದ ಸವರುತ್ತ ಹೋದರು. ಮೂರನೆಯ ಸಾಲಿನಲ್ಲಿ ಬೆರಳು ನಿಂತಿತು. ರಟ್ಟು, ಮೊದಲ ಪುಟ ಎರಡೂ ಇಲ್ಲದ ಪುಸ್ತಕ. ಮಡಿಕೆಯ ಉದ್ದಕ್ಕೂ ನೀಲಿ ನೂಲಿನ ಹೊಲಿಗೆ. ಪಿನ್ನು ತುಕ್ಕು ಹಿಡಿದು ಪುಟಗಳು ಬಿಟ್ಟಾಗ ಅದನ್ನು ಹೊಲಿದವರು ಅವರೇ. ಅವರ ಪ್ರಾಯಕಾಲದಲ್ಲಿ ಮಂಡಲದವರು ಆಡಿದ ಆ ನಾಟಕದಲ್ಲಿ ಅವರದು ತಂಗಿಯ ಪಾತ್ರವಂತೆ. ಮೊದಲ ದೃಶ್ಯದ ತಂಗಿಯ ಮಾತನ್ನು ಪುಸ್ತಕ ತೆರೆಯುವ ಮೊದಲೇ ಹೇಳಿ, ಆಮೇಲೆ ತೆರೆದು ನನಗೆ ತೋರಿಸಿದರು. ಒಂದಕ್ಷರ ಆಚೀಚೆ ಇರಲಿಲ್ಲ.

ಅವರು ಹೊರಟ ಮೇಲೆ ನನ್ನ ದಾಖಲೆಯನ್ನು ತೆರೆದು ನೋಡಿದೆ. ಶೀರ್ಷಿಕೆಯ ಜಾಗದಲ್ಲಿ, ಪುಸ್ತಕದಲ್ಲಿಲ್ಲದೆ ನಾವೇ ಸೇರಿಸಿದ್ದನ್ನು ಸೂಚಿಸುವ ಚೌಕ ಕಂಸದೊಳಗೆ, [ಸಾಮಾಜಿಕ ನಾಟಕ]. ವರ್ಷ, ಕಾಗದದ ಬಣ್ಣ ನೋಡಿ ಅಂದಾಜಿಸಿದ [1975?]. ವರ್ಗಸಂಖ್ಯೆ 894.8142. ಭಾಷೆ ಕೆ-ಎ-ಎನ್. ಸ್ಥಿತಿಯ ಟಿಪ್ಪಣಿಯಲ್ಲಿ ಮಾತ್ರ "ನೀಲಿ ನೂಲಿನಿಂದ ಹೊಲಿದಿದೆ" ಎಂದು ಸರಿಯಾಗಿ ಬರೆದಿದ್ದೆ. ಹುಟ್ಟಿದಂದಿನಿಂದ ಮನೆಯಲ್ಲಿ ತುಳುವನ್ನೇ ಆಡುವ ನಾನು, ಲಿಪಿ ಕಂಡೊಡನೆ ಭಾಷೆ ಕನ್ನಡವೆಂದು ಬರೆದುಬಿಟ್ಟಿದ್ದೆ. ಬಾಸೆಲ್ ಮಿಷನ್ನಿನವರು 19ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ತುಳುವನ್ನು ಕನ್ನಡ ಅಕ್ಷರಗಳಲ್ಲಿ ಅಚ್ಚು ಹಾಕಿದಂದಿನಿಂದ ನಮ್ಮ ತುಳು ಪುಸ್ತಕಗಳು ಬಹುಪಾಲು ಹಾಗೆಯೇ ಬಂದಿವೆ ಎಂಬುದು ಗೊತ್ತಿಲ್ಲದ ವಿಷಯವೇನೂ ಆಗಿರಲಿಲ್ಲ.

ರಾತ್ರಿ ಮನೆಯಲ್ಲಿ ತಿದ್ದಲು ಕುಳಿತಾಗ ಇನ್ನೊಂದು ತೊಡಕು ಎದುರಾಯಿತು. ಮಾರ್ಕ್ ಭಾಷಾಪಟ್ಟಿಯಲ್ಲಿ ಕೊಂಕಣಿಗೆ ಕೆ-ಒ-ಕೆ ಎಂಬ ಸ್ವಂತ ಸಂಕೇತವಿದೆ; ತುಳುವಿಗೆ ಇಲ್ಲ. ಅದನ್ನು "ಇತರ ದ್ರಾವಿಡ ಭಾಷೆಗಳು" ಎಂಬ ಡಿ-ಆರ್-ಎ ಗುಂಪಿನೊಳಗೆ ಸೇರಿಸಿದ್ದಾರೆ. ತುಳುವಿಗೇ ಮೀಸಲಾದ ಟಿ-ಸಿ-ವೈ ಇರುವುದು ಐಎಸ್ಒ 639-3 ಎಂಬ, ಭಾಷಾಸಂಕೇತಗಳ ಬೇರೊಂದು ಅಂತರರಾಷ್ಟ್ರೀಯ ಪಟ್ಟಿಯಲ್ಲಿ. ಆದ್ದರಿಂದ 008ರಲ್ಲಿ ಡಿ-ಆರ್-ಎ ಹಾಕಿ, 041ನೆಯ ಕ್ಷೇತ್ರದಲ್ಲಿ ಪಟ್ಟಿಯ ಹೆಸರು ಸಹಿತ ಟಿ-ಸಿ-ವೈ ಕೊಟ್ಟು, 546ರಲ್ಲಿ "ತುಳು ಭಾಷೆ, ಕನ್ನಡ ಲಿಪಿ" ಎಂದು ಎಲ್ಲರಿಗೂ ಅರ್ಥವಾಗುವಂತೆ ಬರೆದೆ. ಇಂಥ ಪುಸ್ತಕಗಳು ಒಟ್ಟು 41 ಇದ್ದವು. ಒಂದೊಂದನ್ನೂ ತೆರೆದು ಓದಿಯೇ ಬೇರೆ ಮಾಡಬೇಕಾಯಿತು, ಮತ್ತೆರಡು ವಾರ ಹಿಡಿಯಿತು. ವಾಚನಾಲಯದಲ್ಲಿ ಅವನ್ನೆಲ್ಲ ಮೊದಲಿನಂತೆ ಕೆಳಗಿನ ಅಂತಸ್ತಿನಲ್ಲೇ ಇಟ್ಟು, 'ತುಳು' ಎಂದು ದಪ್ಪಕ್ಷರದ ಪಟ್ಟಿ ಅಂಟಿಸಿದೆ. ಅಜ್ಜ ಹೇಳಿದ ನಾಟಕದ ಹೆಸರನ್ನು ಶೀರ್ಷಿಕೆಯಾಗಿ ಸೇರಿಸಿ, ನಿಯಮದಂತೆ ಕಂಸದೊಳಗಿಟ್ಟು, "ಶೀರ್ಷಿಕೆ ಓದುಗರೊಬ್ಬರು ತಿಳಿಸಿದಂತೆ" ಎಂದು 500ನೆಯ ಕ್ಷೇತ್ರದಲ್ಲಿ ಟಿಪ್ಪಣಿ ಬರೆದೆ.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು ಸರಿಯಾಗಿ ಆ ಪುಟವನ್ನೇ ತೆರೆದರು. ಓದುಗರ ಮಾತು ಆಕರವಾಗುವುದು ಹೇಗೆ ಎಂದು ಕೇಳಿದರು. ಅವರು ಆ ನಾಟಕದಲ್ಲಿ ತಂಗಿಯ ಪಾತ್ರ ಮಾಡಿದವರು ಸರ್, ಎಂದೆ. ಪರೀಕ್ಷಕರು ಕನ್ನಡಕ ತೆಗೆದು ನನ್ನನ್ನು ನೋಡಿ, ಮುಂದಿನ ಪ್ರಶ್ನೆಗೆ ಹೋದರು.

ಫಲಿತಾಂಶ ಬಂದ ಮೇಲೆ ವಾಚನಾಲಯಕ್ಕೆ ಹೋಗಿ ಅಜ್ಜನಿಗೆ ಪರದೆಯ ಮೇಲಿನ ದಾಖಲೆಯನ್ನು ತೋರಿಸಿದೆ. ಅವರು ಮುಖ ಹತ್ತಿರ ತಂದು ಪೂರ್ತಿ ಓದಿದರು. ಹೆಸರು ಸರಿ, ಭಾಷೆ ಸರಿ ಎಂದರು. ಆಮೇಲೆ ವರ್ಷದ ಮೇಲೆ ಬೆರಳಿಟ್ಟು, "ಎಪ್ಪತ್ತೈದು ಅಲ್ಲ ಟೀಚರೇ. ನಾವು ಆಡಿದ್ದೇ ಅರವತ್ತೆಂಟರಲ್ಲಿ" ಎಂದರು. ಅಲ್ಲೇ ಕುಳಿತು [1968 ಅಥವಾ ಅದಕ್ಕೂ ಮೊದಲು] ಎಂದು ತಿದ್ದಿದೆ. ಕೊಣಾಜೆಗೆ ಕೊಟ್ಟ ಬೈಂಡ್ ಮಾಡಿಸಿದ ಪ್ರತಿಯಲ್ಲಿ ಮಾತ್ರ ಅದು 1975 ಎಂದೇ ಇದೆ.